ಅಪಾರ್ಟ್‌ಮೆಂಟಿನ ಹಜಾರದಲ್ಲಿ ತೂಗುಮಂಚ: ಯಾವುದನ್ನು ಆರಿಸುವುದು, ಎಲ್ಲಿ ತೂಗುಹಾಕುವುದು?

ಪ್ರಶ್ನೆ | ಯಲ್ಲಾಪುರದವ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಾಲ್ಕು ಅಂತಸ್ತಿನ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ಮನೆಯಿದೆ. ಊರಿನಲ್ಲಿರುವ ಅಪ್ಪ ಮತ್ತು ಆಯಿ ಈ ಮಳೆಗಾಲ ಕಳೆದ ಮೇಲೆ ನಮ್ಮ ಜೊತೆಗೇ ಇರಲು ಬರುತ್ತಿದ್ದಾರೆ. ಊರಮನೆಯಲ್ಲಿ ಕವಳ ಹಾಕುವುದು, ಪೇಪರು ಓದುವುದು, ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವುದು, ಬಂದವರೊಡನೆ ಮಾತಿಗೆ ಕೂರುವುದು ಎಲ್ಲವೂ ಜಗುಲಿಯ ತೂಗುಮಂಚದ ಮೇಲೆಯೇ ನಡೆಯುತ್ತಿದ್ದುದರಿಂದ, ಇಲ್ಲಿಯೂ ಒಂದು ತೂಗುಮಂಚವಿದ್ದರೆ ಅವರಿಗೆ ಹೊಸ ಜಾಗ ಅಷ್ಟು ಪರಕೀಯವೆನಿಸದು ಎಂಬುದು ನನ್ನ ಮತ್ತು ನನ್ನ ಹೆಂಡತಿಯ ಆಸೆ. ಆಯಿಗೆ ಮಂಡಿನೋವಿದೆ, ನೆಲದ ಮೇಲೆ ಕೂರಲು ಆಗುವುದಿಲ್ಲ, ತೀರಾ ಮೆತ್ತನೆಯ ಸೋಫಾದಿಂದ ಏಳಲೂ ಆಗುವುದಿಲ್ಲ. ಮನೆಯಲ್ಲಿ ಆರು ವರ್ಷದ ಮಗಳೂ ಇದ್ದಾಳೆ.

ಹಜಾರ 18 ಅಡಿ ಉದ್ದ, 11 ಅಡಿ ಅಗಲವಿದ್ದು, ನೆಲದಿಂದ ತಾರಸಿಗೆ ಒಂಬತ್ತೂವರೆ ಅಡಿ ಎತ್ತರವಿದೆ. ಹಜಾರಕ್ಕೂ ಊಟದ ಜಾಗಕ್ಕೂ ನಡುವೆ ಒಂದು ಬೀಮ್ ಕೆಳಕ್ಕೆ ಇಳಿದಿರುವುದು ಕಾಣುತ್ತದೆ. ಇನ್ನೊಂದು ತುದಿಯಲ್ಲಿ ನಾಲ್ಕೂವರೆ ಅಡಿ ಅಗಲದ ಬಾಲ್ಕನಿಯಿದೆ. ಪೀಠೋಪಕರಣದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಸ್ಲ್ಯಾಬಿನಲ್ಲಿ ತೂತು ಕೊರೆದು ಆಂಕರ್ ಬೋಲ್ಟ್ ಬಿಗಿದು ಒಂದೇ ಗಂಟೆಯಲ್ಲಿ ತೂಗುಹಾಕಿಕೊಡುವುದಾಗಿ ಹೇಳಿದರು. ಅಷ್ಟು ಸುಲಭದ ಉತ್ತರ ಕೇಳಿ ನನಗೆ ಧೈರ್ಯ ಬರುವ ಬದಲು ಅನುಮಾನವೇ ಹೆಚ್ಚಾಯಿತು. ಸ್ಟ್ಯಾಂಡಿನ ಸಮೇತ ಬರುವ, ಮೊಟ್ಟೆಯಾಕಾರದ ಬೆತ್ತದ ತೂಗುಕುರ್ಚಿಯನ್ನು ಕೊಂಡರೆ ಕೊರೆಯುವ ತಾಪತ್ರಯವೇ ಇರುವುದಿಲ್ಲವೆಂದು ಅವರು ಇನ್ನೊಂದು ದಾರಿಯನ್ನೂ ತೋರಿಸಿದರು.

ನಾನು ತಿಳಿಯಬಯಸುವುದು ಇಷ್ಟು: ಇಂಥ ಮನೆಯಲ್ಲಿ ತೂಗುಮಂಚವನ್ನು ಯಾವ ಜಾಗದಲ್ಲಿ, ಯಾವ ಆಧಾರಕ್ಕೆ ತೂಗುಹಾಕುವುದು ಸುರಕ್ಷಿತ? ಬಾಲ್ಕನಿ ಸೂಕ್ತವೇ, ಹಜಾರವೇ? ಹಲಗೆ ಮತ್ತು ಸರಪಳಿ ಎಂಥವಿರಬೇಕು? ವಯಸ್ಸಾದವರು ಬಳಸುವ ಮನೆಗಳಲ್ಲಿ ಇದನ್ನು ಹಾಕಿಸಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 | ಕಟ್ಟಡ ಎಂಜಿನಿಯರ್, ಹುಬ್ಬಳ್ಳಿ

ನಮಸ್ಕಾರ. ಹಲಗೆ, ಸರಪಳಿಗಳ ಆಯ್ಕೆಯನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ತಲೆಯೆತ್ತಿ ಮೇಲೆ ನೋಡಿ. ತೂಗುಮಂಚದ ಜಾಗವನ್ನು ನಿರ್ಧರಿಸಬೇಕಾದುದು ಸೋಫಾ, ಟಿ.ವಿ.ಗಳಲ್ಲ, ನಿಮ್ಮ ಮನೆಯ ಬೀಮುಗಳು.

ಭಾರದ ಲೆಕ್ಕದಿಂದ ಆರಂಭಿಸೋಣ. ತಲಾ 70 ಕೆ.ಜಿ.ಯ ಮೂವರು ದೊಡ್ಡವರು, ಒಂದು ಮಗು, ಹಲಗೆ ಮತ್ತು ಸರಪಳಿಗೆ 60 ಕೆ.ಜಿ. ಎಂದುಕೊಂಡರೆ ನಿಂತ ತೂಗುಮಂಚದ ಭಾರವೇ ಸುಮಾರು 290 ಕೆ.ಜಿ. ಆಗುತ್ತದೆ. ತೂಗಲು ಆರಂಭಿಸಿದಾಗ ಭಾರ ಇಷ್ಟರಲ್ಲಿಯೇ ನಿಲ್ಲುವುದಿಲ್ಲ. ಮಂಚವು ನಡುವಿನಿಂದ 30 ಡಿಗ್ರಿಯಷ್ಟು ಮೇಲೇರಿ ಮತ್ತೆ ಕೆಳಗಿಳಿಯುವಾಗ, ಅತಿ ಕೆಳಗಿನ ಬಿಂದುವಿನಲ್ಲಿ ಸರಪಳಿಯ ಎಳೆತವು ನಿಂತ ಭಾರದ 1.27 ಪಟ್ಟು, ಅಂದರೆ ಸುಮಾರು 370 ಕೆ.ಜಿ. ಮುಟ್ಟುತ್ತದೆ. ಮಕ್ಕಳು ಸೇರಿ 45 ಡಿಗ್ರಿಯವರೆಗೆ ಜೀಕಿದರೆ ಅದು 1.59 ಪಟ್ಟಾಗುತ್ತದೆ. ಇದರ ಜೊತೆಗೆ, 30 ಡಿಗ್ರಿಯ ತೂಗಾಟದಲ್ಲಿ ಒಟ್ಟು ಭಾರದ ಸುಮಾರು ಶೇ. 40ರಷ್ಟು ಬಲವು ಕೊಂಡಿಯನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಅಡ್ಡವಾಗಿ ಎಳೆಯುತ್ತಿರುತ್ತದೆ. ಎಲ್ಲರೂ ಒಂದೇ ಬದಿಗೆ ಒತ್ತರಿಸಿ ಕುಳಿತಾಗ ಭಾರದ ಬಹುಪಾಲು ಒಂದೇ ಕೊಂಡಿಯ ಮೇಲೆ ಬೀಳುವುದೂ ಉಂಟು. ಆದ್ದರಿಂದ ಒಂದೊಂದು ಕೊಂಡಿಯೂ ಒಂಟಿಯಾಗಿ 500 ಕೆ.ಜಿ.ಯನ್ನು ನಿಶ್ಚಿಂತೆಯಿಂದ ಹೊರುವಂತಿರಬೇಕೆಂದು ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ.

ಕಬ್ಬಿಣಕ್ಕೆ ಇದು ದೊಡ್ಡ ಭಾರವಲ್ಲ. 16 ಮಿ.ಮೀ.ನ ಸಾಮಾನ್ಯ ಕಬ್ಬಿಣದ ಸರಳು ಬಾಗದೆ ನೇರವಾಗಿದ್ದರೆ ನಾಲ್ಕೈದು ಟನ್ ಎಳೆತವನ್ನು ತಾಳುತ್ತದೆ. ಹಾಗಾಗಿ ಇಂಥ ಅವಘಡಗಳಲ್ಲಿ ಸರಳು ತುಂಡಾಗುವುದು ಅಪರೂಪ. ಅದು ಕಾಂಕ್ರೀಟಿನಿಂದ ಕಿತ್ತು ಬರುತ್ತದೆ, ಇಲ್ಲವೇ ಬಾಯಿ ತೆರೆದ ಕೊಂಡಿಯಾಗಿದ್ದರೆ ಬಿಚ್ಚಿಕೊಂಡು ನೆಟ್ಟಗಾಗುತ್ತದೆ. ಫ್ಯಾನಿಗೆಂದು ಬಿಟ್ಟ ಕೊಂಡಿಗೆ ತೂಗುಮಂಚವನ್ನಾಗಲಿ ತೂಗುಕುರ್ಚಿಯನ್ನಾಗಲಿ ಎಂದಿಗೂ ಸಿಕ್ಕಿಸಬಾರದು.

ಅಂಗಡಿಯವರು ಹೇಳಿದ ಆಂಕರ್ ಬೋಲ್ಟ್ ತೂತಿನೊಳಗೆ ಹಿಗ್ಗಿ, ಕಾಂಕ್ರೀಟನ್ನು ಒತ್ತಿ ಹಿಡಿದು ನಿಲ್ಲುವಂಥದ್ದು. ಗೋಡೆಗೆ ಕಪಾಟು ಬಿಗಿಯಲು ಅದು ಚೆನ್ನಾಗಿಯೇ ಇದೆ. ಆದರೆ ಸ್ಲ್ಯಾಬಿನ ನಡುಭಾಗದ ಕೆಳಮೈ ಸದಾ ಎಳೆತಕ್ಕೆ ಒಳಗಾಗಿರುವ ಜಾಗ. ಅಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕುಗಳಿರುವುದು ಸಹಜ. ಆ ಜಾಗದಲ್ಲಿ ನೇರ ಕೆಳಮುಖವಾಗಿ, ಅದೂ ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ಜಗ್ಗುವ ಭಾರವನ್ನು ಹಿಗ್ಗುವ ಬೋಲ್ಟಿಗೆ ಒಪ್ಪಿಸಿದರೆ ಹಿಡಿತ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಇದಕ್ಕಿಂತ ಉತ್ತಮವೇ ಹೌದಾದರೂ, 16 ಮಿ.ಮೀ. ಸರಳಿಗೆ ಸಾಮಾನ್ಯವಾಗಿ 125 ಮಿ.ಮೀ.ನಷ್ಟು ಆಳ ಬೇಕಾಗುತ್ತದೆ. ಮನೆಗಳ ಸ್ಲ್ಯಾಬಿನ ಒಟ್ಟು ದಪ್ಪವೇ ಹೆಚ್ಚಾಗಿ 115ರಿಂದ 150 ಮಿ.ಮೀ. ಇರುವುದರಿಂದ ಆ ಆಳ ಅಲ್ಲಿ ಸಿಗುವುದಿಲ್ಲ. ಸ್ವಂತ ಮನೆಯಾಗಿದ್ದರೆ ಸ್ಲ್ಯಾಬನ್ನು ಆರಪಾರು ಕೊರೆದು, ಮೇಲೊಂದು ಕೆಳಗೊಂದು ದಪ್ಪ ಪ್ಲೇಟಿಟ್ಟು ಬೋಲ್ಟನ್ನು ನಟ್ಟಿನಿಂದ ಬಿಗಿಯಬಹುದು. ನಿಮ್ಮ ತಾರಸಿ ಮೇಲಿನ ಮನೆಯವರ ನೆಲವಾಗಿರುವುದರಿಂದ ಆ ದಾರಿ ನಿಮಗಿಲ್ಲ. ಸ್ಲ್ಯಾಬಿನೊಳಗೆ ವಿದ್ಯುತ್ ಪೈಪುಗಳು ಹರಿದಿರುತ್ತವೆ. ಕೆಲವು ಹೊಸ ಕಟ್ಟಡಗಳಲ್ಲಿ ಬಿಗಿದೆಳೆದ ಉಕ್ಕಿನ ಹುರಿಗಳಿರುವ ಪೋಸ್ಟ್ ಟೆನ್ಷನ್ ಸ್ಲ್ಯಾಬುಗಳೂ ಇರುತ್ತವೆ. ಅಂಥ ಹುರಿಗೆ ಡ್ರಿಲ್ ತಗುಲಿದರೆ ಕಟ್ಟಡಕ್ಕೂ ಕೊರೆಯುವವನಿಗೂ ಅಪಾಯ. ಆದ್ದರಿಂದ ಸಂಘದ ಕಚೇರಿಯಿಂದ ಕಟ್ಟಡದ ಸ್ಟ್ರಕ್ಚರಲ್ ನಕ್ಷೆಯನ್ನು ಪಡೆದು ನೋಡದೆ ಒಂದು ತೂತನ್ನೂ ಕೊರೆಯಿಸಬೇಡಿ.

ನಿಮಗೆ ಒಳ್ಳೆಯ ಆಧಾರವೆಂದರೆ ಬೀಮ್. ಅದರ ಅಡಿಯಿಂದ ಮೇಲಕ್ಕೆ ಕೊರೆಯಬಾರದು. ಅಲ್ಲಿಯೇ ಮುಖ್ಯ ಸರಳುಗಳಿರುತ್ತವೆ. ಬೀಮಿನ ಎರಡೂ ಪಕ್ಕಗಳಿಗೆ ಉಕ್ಕಿನ ಪ್ಲೇಟುಗಳನ್ನಿಟ್ಟು, ಎತ್ತರದ ನಡುಭಾಗದಲ್ಲಿ ಅಡ್ಡಲಾಗಿ ಆರಪಾರು ಬೋಲ್ಟ್ ಹಾಕಿ, ಆ ಪ್ಲೇಟುಗಳಿಂದ ಕೆಳಗೆ ಕೊಂಡಿ ಇಳಿಬಿಡಬೇಕು. ಹೀಗೆ ಮಾಡಿದಾಗ ಭಾರವು ಬೋಲ್ಟನ್ನು ಕಿತ್ತೆಳೆಯುವುದಿಲ್ಲ, ಬೋಲ್ಟಿನ ಮೇಲೆ ಕುಳಿತುಕೊಳ್ಳುತ್ತದೆ. ಕೊರೆಯುವ ಮುನ್ನ ಸರಳುಗಳ ಜಾಗವನ್ನು ತೋರಿಸುವ ಸ್ಕ್ಯಾನರಿನಿಂದ ಪರೀಕ್ಷಿಸಿ ಗುರುತು ಮಾಡಿಸಿಕೊಳ್ಳಿ.

ಬಾಲ್ಕನಿಯ ಬಗ್ಗೆ ನನ್ನ ಉತ್ತರ ಬೇಡವೆಂಬುದೇ. ನಿಮ್ಮ ಬಾಲ್ಕನಿಯ ಮೇಲಿರುವುದು ಮೇಲಿನವರ ಬಾಲ್ಕನಿಯ ಚಾಚು ಸ್ಲ್ಯಾಬು. ಒಂದೇ ಅಂಚಿನಲ್ಲಿ ಹಿಡಿದು ನಿಂತ ಆ ಸ್ಲ್ಯಾಬಿನ ಹೊರತುದಿಯ ಕಡೆಗೆ ಭಾರ ತೂಗುಹಾಕುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ನಾಲ್ಕೂವರೆ ಅಡಿಯ ಜಾಗದಲ್ಲಿ ಕಂಬಿಯ ಪಕ್ಕದಲ್ಲೇ ಜೀಕುವ ಹಲಗೆಯ ಮೇಲೆ ಆರು ವರ್ಷದ ಮಗು ಎದ್ದು ನಿಂತರೆ, ಕಂಬಿಯ ಎತ್ತರ ಅವಳನ್ನು ಕಾಯುವುದಿಲ್ಲ.

ಉತ್ತರ 2 | ಮರಗೆಲಸ, ಸಾಗರ

ಎಂಜಿನಿಯರರು ಮೇಲಿನ ವಿಷಯವನ್ನು ಹೇಳಿದ್ದಾರೆ. ನಾನು ಕೆಳಗಿನ ವಿಷಯವನ್ನು ಹೇಳುತ್ತೇನೆ. ನಮ್ಮದು ತಲೆಮಾರುಗಳಿಂದ ಮರಗೆಲಸ ಮಾಡುವ ಮನೆತನ. ಈ ಭಾಗದ ಹಳೆಯ ಮನೆಗಳ ತೂಗುಮಂಚಗಳನ್ನು ರಿಪೇರಿಗೆಂದು ಬಿಚ್ಚಿದಾಗಲೆಲ್ಲ ಅವು ಏಕೆ ಅಷ್ಟು ಕಾಲ ಬಾಳಿದವೆಂಬುದು ಕೈಗೇ ತಿಳಿಯುತ್ತದೆ.

ಮರದಲ್ಲಿ ಸಾಗುವಾನಿ ಎಲ್ಲರಿಗೂ ಗೊತ್ತಿರುವ ಆಯ್ಕೆ. ಅದು ಹಗುರ, ತಿರುಚಿಕೊಳ್ಳುವುದು ಕಡಿಮೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಐದು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಂಗುಲ ದಪ್ಪದ ಸಾಗುವಾನಿ ಹಲಗೆ 23 ಕೆ.ಜಿ.ಯ ಆಸುಪಾಸಿನಲ್ಲಿ ತೂಗುತ್ತದೆ. ಅದೇ ಅಳತೆಯ ಬೀಟೆಯ ಹಲಗೆ 30 ಕೆ.ಜಿ. ಸಮೀಪಕ್ಕೆ ಹೋಗುತ್ತದೆ. ಚೆನ್ನಾಗಿ ಬಲಿತು ಒಣಗಿದ ಹಲಸು ಕೂಡ ತೂಗುಮಂಚಕ್ಕೆ ಬಹಳ ಒಳ್ಳೆಯ ಮರ. ಹೊಸದಾಗಿ ಕೊಯ್ದಾಗ ಹಳದಿಯಾಗಿರುವ ಅದು ಕೈ ಮೈ ತಾಗಿ ತಾಗಿ ಜೇನುಕಂದು ಬಣ್ಣಕ್ಕೆ ತಿರುಗುತ್ತದೆ, ಬೆಲೆಯಲ್ಲಿಯೂ ಸಾಗುವಾನಿಗಿಂತ ಕೈಗೆಟುಕುತ್ತದೆ. ಕೆಡವಿದ ಹಳೆಯ ಮನೆಗಳ ಮರ ಸಿಕ್ಕರೆ ನಾನು ಅದನ್ನೇ ಮೊದಲು ಆರಿಸುತ್ತೇನೆ, ಏಕೆಂದರೆ ಅದು ಇನ್ನು ಒಣಗಿ ಬಾಗುವುದೇನೂ ಉಳಿದಿರುವುದಿಲ್ಲ. ಒಳಗೆ ಮುರಿದು ಉಳಿದ ಮೊಳೆಗಳನ್ನು ಮಾತ್ರ ಹುಡುಕಿ ತೆಗೆಸಬೇಕು.

ಎರಡು ಅಡಿ ಅಗಲದ ಒಂಟಿ ಹಲಗೆಯೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಅಷ್ಟು ಅಗಲದ ಒಂಟಿ ಹಲಗೆ ಹವೆ ಬದಲಾದಂತೆ ದೋಣಿಯಾಕಾರಕ್ಕೆ ಬಾಗುವ ಸಂಭವ ಹೆಚ್ಚು. ಎರಡು ಅಥವಾ ಮೂರು ಹಲಗೆಗಳನ್ನು ಕೂಡಿಸಿ, ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಕೊಟ್ಟು ಮಾಡಿದ್ದು ನೆಟ್ಟಗೆ ಉಳಿಯುತ್ತದೆ. ಅಂಗಡಿಯಲ್ಲಿ ನೋಡುವಾಗ ಹಲಗೆಯ ಮೇಲ್ಮೈಯ ಹೊಳಪನ್ನು ನೋಡಿ ಮರುಳಾಗದೆ, ಬಗ್ಗಿ ಅಡಿಭಾಗವನ್ನು ನೋಡಿ. ಸರಪಳಿಯ ಬೋಲ್ಟು ಮರದ ತೂತಿನಲ್ಲಿ ಮಾತ್ರ ನಿಂತಿದೆಯೋ, ಅಥವಾ ಅಡಿಯಲ್ಲಿ ಹಲಗೆಯ ಅಗಲಕ್ಕೂ ಹಾಯ್ದ ಕಬ್ಬಿಣದ ಪಟ್ಟಿಯನ್ನು ಹಿಡಿದಿದೆಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಪಟ್ಟಿಯಿದ್ದರೆ ಭಾರವನ್ನು ಪಟ್ಟಿ ಹೊರುತ್ತದೆ, ಮರ ಅದರ ಮೇಲೆ ಕುಳಿತಿರುತ್ತದೆ. ಪಟ್ಟಿಯಿಲ್ಲದಿದ್ದರೆ ಒಂದು ದಿನ ತೂತಿನಿಂದ ಅಂಚಿನವರೆಗೆ ಸೀಳು ಬಿಡುತ್ತದೆ. ತೂತು ಹಲಗೆಯ ತುದಿಯಿಂದ ಕನಿಷ್ಠ ಮೂರು ಅಂಗುಲ ಒಳಗಿರಬೇಕು.

ಸರಪಳಿಯ ವಿಷಯದಲ್ಲಿ ಹಿತ್ತಾಳೆಯ ಆನೆ, ನವಿಲು, ಗಿಳಿಗಳನ್ನು ಕಂಡು ಮನಸ್ಸು ಸೋಲುವುದು ಸಹಜ. ಎರಕದ ಹಿತ್ತಾಳೆಯಲ್ಲಿ ಒಳಗೆ ಗಾಳಿಗುಳ್ಳೆಗಳು ಉಳಿದಿರಬಹುದು, ಅದು ಹೊರಗಿನಿಂದ ಕಾಣುವುದಿಲ್ಲ; ಮತ್ತು ಎರಕದ ಹಿತ್ತಾಳೆ ಬಾಗುವ ಸೂಚನೆ ಕೊಡದೆ ಒಮ್ಮೆಗೇ ಮುರಿಯಬಹುದು. ಗೊಂಬೆಗಳ ಹೊಟ್ಟೆಯೊಳಗೆ ಉಕ್ಕಿನ ಸರಳು ಮೇಲಿಂದ ಕೆಳಗೆ ಹಾದುಹೋಗಿರುವ ಸರಪಳಿಯನ್ನೇ ಆರಿಸಿ. ಆಗ ಹಿತ್ತಾಳೆ ಅಂದಕ್ಕೆ, ಉಕ್ಕು ಭಾರಕ್ಕೆ. ಜೇಬಿನಲ್ಲಿ ಒಂದು ಅಯಸ್ಕಾಂತವನ್ನು ಇಟ್ಟುಕೊಂಡು ಹೋಗಿ. ಶುದ್ಧ ಹಿತ್ತಾಳೆಯೆಂದು ಮಾರುವ ಸರಪಳಿಯ ಬಳೆಗೆ, ಅಂದರೆ ಉಂಗುರಕ್ಕೆ, ಅದು ಅಂಟಿಕೊಂಡರೆ ಅದು ಬಣ್ಣ ಹಾಕಿದ ಕಬ್ಬಿಣ. ಕಬ್ಬಿಣವಾದರೆ ಕೆಟ್ಟದ್ದೆಂದಲ್ಲ, ಹಿತ್ತಾಳೆಯ ಬೆಲೆ ಕೊಡಬೇಕಾಗಿಲ್ಲ ಅಷ್ಟೆ. ಯಾವ ಸರಪಳಿಯೇ ಇರಲಿ, ಬಳೆಯ ಬೆಸುಗೆ ಪೂರ್ತಿ ಕೂಡಿರಬೇಕು. ಬಾಯಿ ಒತ್ತಿ ಮುಚ್ಚಿದ ಬಳೆ ಬೇಡ.

ಇನ್ನೊಂದು ಮಾತು. ಮೇಲಿನ ಎರಡು ಕೊಂಡಿಗಳ ನಡುವಿನ ಅಂತರವು ಹಲಗೆಯ ಮೇಲಿನ ಸರಪಳಿಗಳ ಅಂತರಕ್ಕಿಂತ ನಾಲ್ಕರಿಂದ ಆರು ಅಂಗುಲ ಹೆಚ್ಚಿದ್ದರೆ ಮಂಚ ಪಕ್ಕಕ್ಕೆ ವಾಲಾಡುವುದು ತಗ್ಗುತ್ತದೆ. ನೆಟ್ಟಗೆ ಇಳಿದ ಸರಪಳಿಗಳ ಮಂಚದ ಮೇಲೆ ಕುಳಿತರೆ ಎಡಬಲಕ್ಕೂ ಓಲಾಡಿದಂತಾಗಿ ಕೆಲವರಿಗೆ ತಲೆ ಸುತ್ತುತ್ತದೆ.

ಇದನ್ನು ಓದುವವರಲ್ಲಿ ಹೆಂಚಿನ ಮನೆಯವರಿದ್ದರೆ ಅವರಿಗೂ ಹೇಳಿಬಿಡುತ್ತೇನೆ: ಹಳೆಯ ತೊಲೆಗೆ ತೂಗುಹಾಕುವ ಮುನ್ನ ಗೋಡೆಯೊಳಗೆ ಸೇರಿರುವ ಅದರ ಎರಡು ತುದಿಗಳನ್ನು ನೋಡಬೇಕು. ನೀರಿಳಿದು ಕೊಳೆಯುವುದೂ ಗೆದ್ದಲು ಹತ್ತುವುದೂ ಅಲ್ಲಿಯೇ. ಸುತ್ತಿಗೆಯಿಂದ ಬಡಿದಾಗ ಸದ್ದು ಗಟ್ಟಿಯಾಗಿರಬೇಕು, ದಬ್ಬಳದಿಂದ ಚುಚ್ಚಿದಾಗ ತುದಿ ಒಳಗಿಳಿಯಬಾರದು. ಕೊಂಡಿಯ ಸರಳು ತೊಲೆಯನ್ನು ಹಾಯ್ದು ಮೇಲೆ ಅಗಲವಾದ ಪ್ಲೇಟು, ನಟ್ಟುಗಳಿಂದ ನಿಂತಿರಬೇಕು. ಜಂತೆಗಳಿಗೆ ಮಾತ್ರ ಏನನ್ನೂ ತೂಗುಹಾಕಬಾರದು.

ಉತ್ತರ 3 | ಸರಸ್ವತಿಪುರಂ ನಿವಾಸಿ, ಮೈಸೂರು

ನಮ್ಮ ಮನೆಯಲ್ಲಿ ಅತ್ತೆ ಮಾವ ಇಬ್ಬರೂ ತೂಗುಮಂಚವನ್ನು ದಿನವಿಡೀ ಬಳಸುತ್ತಾರೆ. ಬಳಕೆಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ವಯಸ್ಸಾದವರಿಗೆ ಅಪಾಯವಿರುವುದು ತೂಗುವಾಗ ಅಲ್ಲ, ಕೂರುವ ಮತ್ತು ಏಳುವ ಕ್ಷಣದಲ್ಲಿ. ಕೂರಲೆಂದು ಹಿಂದಕ್ಕೆ ಬಾಗಿದಾಗ ಮಂಡಿಯ ಹಿಂಭಾಗ ತಗುಲಿ ಹಲಗೆ ಹಿಂದಕ್ಕೆ ಸರಿದುಬಿಡುತ್ತದೆ. ಗಟ್ಟಿ ಕಾಲಿನವರು ಅರಿವಿಲ್ಲದೆಯೇ ಸರಿದೂಗಿಸಿಕೊಳ್ಳುತ್ತಾರೆ, ಮಂಡಿನೋವಿರುವವರಿಗೆ ಅದು ಆಗುವುದಿಲ್ಲ. ಇದಕ್ಕೆ ನಾವು ಹಲಗೆಯ ಹಿಂಬದಿಯ ಅಡಿಯಲ್ಲಿ ಒಂದು ಬಳೆಯನ್ನೂ ಹಿಂದಿನ ಗೋಡೆಯ ತಳದಲ್ಲಿ ಇನ್ನೊಂದು ಬಳೆಯನ್ನೂ ಹಾಕಿಸಿ, ಎರಡು ತುದಿಗೂ ಕೊಕ್ಕೆಯಿರುವ ಗಟ್ಟಿ ಕಡ್ಡಿಯೊಂದನ್ನು ನಡುವೆ ಸಿಕ್ಕಿಸುತ್ತೇವೆ. ಸರಪಳಿಯಾದರೆ ಮುಂದಕ್ಕೆ ಹೋಗುವುದನ್ನಷ್ಟೇ ತಡೆಯುತ್ತದೆ. ಕಡ್ಡಿಯಾದರೆ ಹಲಗೆ ಹಿಂದಕ್ಕೂ ಸರಿಯುವುದಿಲ್ಲ. ಅತ್ತೆ ಒಬ್ಬರೇ ಇರುವಾಗ ಕಡ್ಡಿ ಸಿಕ್ಕಿಸಿಯೇ ಇರುತ್ತದೆ, ಆಗ ಅದು ಅಲುಗದ ಮಂಚ. ಪಕ್ಕದಲ್ಲಿ ಯಾರಾದರೂ ಕುಳಿತು ತೂಗುವಾಗ ಮಾತ್ರ ಅದನ್ನು ತೆಗೆಯುತ್ತೇವೆ.

ಎತ್ತರವನ್ನು ಅಂಗಡಿಯ ಅಳತೆಗೆ ಬಿಡಬೇಡಿ. ಆಯಿಯವರು ಚಪ್ಪಲಿಯಿಲ್ಲದೆ ಕುಳಿತಾಗ ಎರಡೂ ಅಂಗಾಲುಗಳು ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೇರಬಾರದು. ಹೆಚ್ಚಿನವರಿಗೆ ಇದು 17ರಿಂದ 19 ಅಂಗುಲದ ನಡುವೆ ಬರುತ್ತದೆ. ಹಾಸುವ ದಿಂಬು ಕುಳಿತಾಗ ಎಷ್ಟು ಕುಗ್ಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೆತ್ತನೆಯ ದಪ್ಪ ಫೋಮಿಗಿಂತ ತೆಳುವಾದ ಹತ್ತಿಯ ಹಾಸಿಗೆ ಏಳಲು ಅನುಕೂಲ. ಎರಡು ಬದಿಗೂ ಕೈ ಊರಲು ಮರದ ಕೈಪಿಡಿ ಇರಲೇಬೇಕು, ಸರಪಳಿ ಹಿಡಿದು ಏಳಲು ಹೋದರೆ ಅದು ಕೈಯೊಡನೆ ವಾಲುತ್ತದೆ.

ಮೊಟ್ಟೆಯಾಕಾರದ ಬೆತ್ತದ ಕುರ್ಚಿಯನ್ನು ನಿಮ್ಮ ತಂದೆ ತಾಯಿಗಾಗಿ ಕೊಳ್ಳಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅದು ಒಂದೇ ಕೊಂಡಿಯಲ್ಲಿ ತೂಗುವುದರಿಂದ ಸುತ್ತಲೂ ತಿರುಗುತ್ತದೆ, ದೇಹವನ್ನು ಹಿಂದಕ್ಕೆ ಒಳಗೆಳೆದುಕೊಳ್ಳುತ್ತದೆ, ಏಳಬೇಕಾದರೆ ಹಿಡಿಯಲು ಏನೂ ಸಿಗುವುದಿಲ್ಲ. ಅಡ್ಡಾಗಲೂ ಆಗದು, ಇಬ್ಬರು ಕೂರಲೂ ಆಗದು. ಅದು ಓದುವ ಹುಡುಗ ಹುಡುಗಿಯರ ಕೋಣೆಗೆ ಸರಿ.

ಹೆಬ್ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿಯನ್ನು ಮಂಚ ಅಡ್ಡಗಟ್ಟಬಾರದು. ಫ್ಯಾನಿನ ರೆಕ್ಕೆಯ ಸುತ್ತಳತೆಗೆ ಸರಪಳಿ ಸಿಗಬಾರದು. ಮಂಚದ ಎದುರಿಗೆ ಗಾಜಿನ ಟೀಪಾಯಿ ಇರಬಾರದು. ದಿಕ್ಕಿನ ವಿಷಯದಲ್ಲಿ ಅವರವರ ನಂಬಿಕೆ ಅವರವರದು. ನಾವು ನೋಡಿಕೊಂಡಿದ್ದು ಬೆಳಕು ಪಕ್ಕದಿಂದ ಬರುವಂತೆ, ಅಂದರೆ ಮಾವನವರು ಪೇಪರು ಓದುವಾಗ ಕಿಟಕಿ ಕಣ್ಣಿಗೆ ಎದುರಾಗದಂತೆ. ಕಾಲಡಿಯ ಜಮಖಾನ ವಿಟ್ರಿಫೈಡ್ ಟೈಲಿನ ಮೇಲೆ ಜಾರುವುದರಿಂದ ಅದನ್ನು ತೆಗೆದು, ಅಡಿಯಲ್ಲಿ ರಬ್ಬರು ಹಿಡಿತವಿರುವ ಚಾಪೆಯನ್ನು ಹಾಕಿದ್ದೇವೆ. ಮಗಳ ಕೈಬೆರಳು ಸರಪಳಿಯ ಬಳೆಗಳ ನಡುವೆ ಸಿಕ್ಕಿಕೊಳ್ಳದಂತೆ, ಅವಳ ಕೈಯೆಟುಕುವ ಎತ್ತರದವರೆಗೆ ದಪ್ಪ ಬಟ್ಟೆಯ ತೋಳು ಹೊಲಿಸಿ ತೊಡಿಸಿ.

ಯಲ್ಲಾಪುರದವ, ಬೆಂಗಳೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆತ್ತದ ಕುರ್ಚಿಯನ್ನೂ ಬಾಲ್ಕನಿಯನ್ನೂ ಕೈಬಿಟ್ಟಿದ್ದೇವೆ. ಸಂಘದ ಕಚೇರಿಯಲ್ಲಿ ನಕ್ಷೆ ಸಿಕ್ಕಿತು. ನಮ್ಮದು ಸಾಧಾರಣ ಕಂಬ ಬೀಮುಗಳ ಕಟ್ಟಡ, ಸ್ಲ್ಯಾಬು 125 ಮಿ.ಮೀ., ಬಿಗಿದೆಳೆದ ಹುರಿಗಳಿಲ್ಲ. ತೊಡಕಾಗಿರುವುದು ಬೀಮಿನ ಜಾಗ. ಹಜಾರಕ್ಕೂ ಊಟದ ಜಾಗಕ್ಕೂ ನಡುವಿನ ಬೀಮಿಗೆ ತೂಗುಹಾಕಿದರೆ ಮಂಚ ಹಿಂದೆ ಮುಂದೆ ಹೋಗುವಾಗ ಅಡುಗೆಮನೆಯ ದಾರಿಗೇ ಅಡ್ಡ ಬರುತ್ತದೆ. ಉಳಿದ ಬೀಮುಗಳು 18 ಅಡಿಯ ಎರಡು ಉದ್ದ ಗೋಡೆಗಳ ಮೇಲೆ, ಗೋಡೆಯ ಸಮಕ್ಕೇ ಇವೆ. ಮಂಚವನ್ನು ಬಾಲ್ಕನಿಯ ಕಡೆಯ ತುದಿಯಲ್ಲಿ ಇಡುವುದು ಎಲ್ಲ ದೃಷ್ಟಿಯಿಂದಲೂ ಅನುಕೂಲ, ಆದರೆ ಅಲ್ಲಿ ಮೇಲೆ ಬರಿಯ ಸ್ಲ್ಯಾಬಿದೆ. ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟಿಗೆ ತೂಗುಹಾಕುವುದೊಂದೇ ದಾರಿಯೇ?

ಕಟ್ಟಡ ಎಂಜಿನಿಯರ್, ಹುಬ್ಬಳ್ಳಿ

ಚೌಕಟ್ಟಿಗಿಂತ ಒಳ್ಳೆಯ ದಾರಿಯಿದೆ. ಗೋಡೆಯ ಸಮಕ್ಕಿರುವ ಆ ಎರಡು ಬೀಮುಗಳ ನಡುವೆ, ಹಜಾರದ 11 ಅಡಿ ಅಗಲಕ್ಕೆ ಅಡ್ಡಲಾಗಿ, ಸ್ಲ್ಯಾಬಿನ ಕೆಳಗೆ ಒಂದು ಉಕ್ಕಿನ ತೊಲೆಯನ್ನು ಕೂರಿಸಿ. 100 ಮಿ.ಮೀ. ಚೌಕದ, 5 ಮಿ.ಮೀ. ದಪ್ಪದ ಬಾಕ್ಸ್ ಸೆಕ್ಷನ್ (ಒಳಗೆ ಟೊಳ್ಳಾದ ಚೌಕ ಕೊಳವೆ) ನಿಮ್ಮ ಭಾರಕ್ಕೂ ಈ ಉದ್ದಕ್ಕೂ ಸಾಮಾನ್ಯವಾಗಿ ಸಾಕಾಗುತ್ತದೆ; ಅದು ಸುಮಾರು 50 ಕೆ.ಜಿ. ತೂಗುತ್ತದೆ. ಐ ಆಕಾರದ ಸೆಕ್ಷನ್ ನೇರ ಭಾರಕ್ಕೆ ಬಲವಾಗಿದ್ದರೂ ಅಡ್ಡ ಎಳೆತಕ್ಕೂ ತಿರುಚುವಿಕೆಗೂ ಅಷ್ಟು ಒಗ್ಗುವುದಿಲ್ಲ, ತೂಗುಮಂಚ ಕೊಡುವುದು ಆ ಎರಡನ್ನೂ ಆದ್ದರಿಂದ ಬಾಕ್ಸನ್ನು ಹೇಳುತ್ತಿದ್ದೇನೆ. ಎರಡು ತುದಿಗೂ 10 ಮಿ.ಮೀ. ದಪ್ಪದ ಪ್ಲೇಟನ್ನು ಬೆಸೆದು, ಪ್ರತಿ ಪ್ಲೇಟನ್ನು ನಾಲ್ಕು ಕೆಮಿಕಲ್ ಆಂಕರುಗಳಿಂದ ಬೀಮಿನ ಪಕ್ಕಕ್ಕೆ ಬಿಗಿಯಬೇಕು. ಇಟ್ಟಿಗೆ ಗೋಡೆಗೆ ಬಿಗಿದರೆ ಪ್ರಯೋಜನವಿಲ್ಲ, ಗಾರೆಯನ್ನು ಸ್ವಲ್ಪ ಕೆತ್ತಿ ಕಾಂಕ್ರೀಟು ಇರುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಕೆಮಿಕಲ್ ಆಂಕರಿನ ಗಟ್ಟಿತನ ಅಂಟಿಗಿಂತ ಹೆಚ್ಚಾಗಿ ತೂತಿನ ಶುಚಿತ್ವದಲ್ಲಿದೆ. ಕೊರೆದ ಮೇಲೆ ಒಳಗಿನ ಧೂಳನ್ನು ಬ್ರಷ್ಷಿನಿಂದ ಕೆರೆದು, ಗಾಳಿ ಊದಿ, ಮತ್ತೆ ಕೆರೆದು, ಮತ್ತೆ ಊದಿ ತೆಗೆಯಬೇಕು; ಅವಸರದ ಕೆಲಸಗಾರರು ಬಿಡುವುದು ಇದನ್ನೇ, ಆದ್ದರಿಂದ ನೀವು ಪಕ್ಕದಲ್ಲೇ ನಿಂತಿರಿ. ಅಂಟು ಗಟ್ಟಿಯಾಗಲು ಪೊಟ್ಟಣದ ಮೇಲೆ ಬರೆದಿರುವಷ್ಟು ಹೊತ್ತು ಬಿಡದೆ ಭಾರ ಹಾಕಬಾರದು. ಸ್ಥಳ ನೋಡಿದ ಎಂಜಿನಿಯರೊಬ್ಬರು ಈ ಅಳತೆಗಳಿಗೆ ಒಪ್ಪಿಗೆ ಕೊಡಬೇಕೆಂಬುದನ್ನು ಮರೆಯಬೇಡಿ.

ಜಾಗದ ಲೆಕ್ಕವೂ ನಿಮಗೆ ಒದಗಿಬರುತ್ತದೆ. ಉಕ್ಕಿನ ತೊಲೆಗೆ ನಾಲ್ಕು ಅಂಗುಲ, ಹಲಗೆಯ ಎತ್ತರಕ್ಕೆ ಒಂದೂವರೆ ಅಡಿ ಕಳೆದರೆ ಸರಪಳಿಗೆ ಸುಮಾರು ಏಳೂವರೆ ಅಡಿ ಉಳಿಯುತ್ತದೆ. ಇಷ್ಟು ಉದ್ದದ ಮಂಚ ಒಮ್ಮೆ ಹೋಗಿ ಬರಲು ಹೆಚ್ಚುಕಡಿಮೆ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಮಲೆನಾಡಿನ ಜಗುಲಿಗಳ ನಿಧಾನದ ತೂಗಾಟಕ್ಕೆ ಅದು ಹತ್ತಿರವೇ. ಹಿರಿಯರು ಕಾಲಿನಿಂದ ಮೆಲ್ಲನೆ ಮೀಟುವಾಗಿನ 20 ಡಿಗ್ರಿಯ ತೂಗಾಟದಲ್ಲಿ ಹಲಗೆ ಎರಡೂ ಕಡೆಗೆ ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು ಸರಿಯುತ್ತದೆ. ಹಲಗೆಯ ಅಗಲವನ್ನೂ ಸೇರಿಸಿ ಹಜಾರದ 18 ಅಡಿ ಉದ್ದದಲ್ಲಿ ಎಂಟು ಒಂಬತ್ತು ಅಡಿಯನ್ನು ಮಂಚಕ್ಕೆಂದು ಬಿಟ್ಟುಕೊಡಿ. ಐದು ಅಡಿಯ ಹಲಗೆಯ ಎರಡು ಪಕ್ಕಗಳಲ್ಲಿ ತಲಾ ಮೂರು ಅಡಿ ಉಳಿಯುವುದರಿಂದ ಬಾಲ್ಕನಿಗೆ ಹೋಗುವ ದಾರಿಯೂ ತೆರೆದಿರುತ್ತದೆ. ಆದರೆ ಬಾಲ್ಕನಿಯ ಕಡೆ ಗಾಜಿನ ಜಾರುಬಾಗಿಲು ಇದ್ದರೆ, ಹಿಂದಕ್ಕೆ ಹೋದ ಹಲಗೆಗೂ ಗಾಜಿಗೂ ನಡುವೆ ಕನಿಷ್ಠ ಒಂದೂವರೆ ಅಡಿ ಇರುವಂತೆ ತೊಲೆಯ ಜಾಗವನ್ನು ಗುರುತಿಸಿ. ಅಲ್ಲಿ ಹಿಂದೆ ಗೋಡೆಯಿರುವುದಿಲ್ಲವಾದ್ದರಿಂದ, ಮೈಸೂರಿನವರು ಹೇಳಿದ ಕಡ್ಡಿಯನ್ನು ಪಕ್ಕದ ಗೋಡೆಯ ತಳಕ್ಕೆ ಓರೆಯಾಗಿ ಕೊಡುವ ಏರ್ಪಾಡು ಮಾಡಿಸಬೇಕಾಗುತ್ತದೆ.

ನೆಲದ ಮೇಲೆ ನಿಲ್ಲುವ ಚೌಕಟ್ಟು ಬಾಡಿಗೆ ಮನೆಯವರಿಗೆ ಸೂಕ್ತ. ಅದರ ಓರೆಕಾಲುಗಳು ನಡೆದಾಡುವವರಿಗೆ ಎಡವುಗಾಲಾಗುತ್ತವೆ, ಸರಪಳಿಯ ಉದ್ದವೂ ಕಡಿಮೆಯಾಗಿ ತೂಗಾಟ ಚುರುಕಾಗುತ್ತದೆ. ನಿಮ್ಮ ಆಯಿಗೆ ಎರಡೂ ಒಳ್ಳೆಯದಲ್ಲ.

ಉತ್ತರ 4 | ಧಾರವಾಡದವರು, ಸದ್ಯ ಅಹಮದಾಬಾದ್

ಇಲ್ಲಿಯ ಗುಜರಾತಿ ಮನೆಗಳಲ್ಲಿ ಹೀಂಚಕೋ, ಅಂದರೆ ತೂಗುಮಂಚ, ಇಲ್ಲದ ಹಜಾರವನ್ನು ಹುಡುಕಬೇಕು, ಅಷ್ಟು ರೂಢಿ. ಸಂಖೇಡಾ ಊರಿನ ಅರಗಿನ ಬಣ್ಣದ ಸಾಗುವಾನಿ ಹೀಂಚಕೋ ದೂರದೂರಕ್ಕೆ ಹೋಗುತ್ತದೆ. ನಿಮಗೆ ಇಲ್ಲಿಂದ ತೆಗೆದುಕೊಳ್ಳಬಹುದಾದ ಒಂದು ಸಂಗತಿಯೆಂದರೆ, ಸರಪಳಿಯ ಬದಲು ಇವರು ಬಳಸುವ ಸರಳುಗಳು. ಎರಡು ಅಥವಾ ಮೂರು ಅಡಿ ಉದ್ದದ ಗಟ್ಟಿ ಸರಳುಗಳನ್ನು ತುದಿಯ ಬಳೆಗಳಿಂದ ಒಂದಕ್ಕೊಂದು ಕೂಡಿಸಿರುತ್ತಾರೆ. ಬಳೆಗಳ ಸಂಖ್ಯೆ ಕಡಿಮೆಯಾಗುವುದರಿಂದ ಸದ್ದು ಕಡಿಮೆ, ತಿರುಚಿಕೊಳ್ಳುವುದು ಕಡಿಮೆ, ಮಕ್ಕಳ ಬೆರಳು ಸಿಕ್ಕುವ ಜಾಗಗಳೂ ಕಡಿಮೆ. ಅಳತೆ ಮಾತ್ರ ಕರಾರುವಾಕ್ಕಾಗಿರಬೇಕು. ಮೇಲ್ತುದಿಯಲ್ಲಿ ನಾಲ್ಕೈದು ಬಳೆಗಳ ಚಿಕ್ಕ ಸರಪಳಿಯೊಂದನ್ನು ಇಟ್ಟುಕೊಂಡರೆ ಎತ್ತರವನ್ನು ಒಂದೆರಡು ಅಂಗುಲ ಏರಿಸಿ ಇಳಿಸಿಕೊಳ್ಳಬಹುದು.

ಅಪಾರ್ಟ್‌ಮೆಂಟಿನಲ್ಲಿ ಸದ್ದಿನ ಬಗ್ಗೆಯೂ ಮೊದಲೇ ಯೋಚಿಸಿ. ಕೊಂಡಿಯ ಕಿರುಗುಟ್ಟುವ ಸದ್ದು ನಿಮ್ಮ ಹಜಾರದಲ್ಲಿ ಸಣ್ಣದಾಗಿ ಕೇಳಿದರೂ ಕಾಂಕ್ರೀಟಿನ ಮೂಲಕ ಹಾದು ಮೇಲಿನ ಮನೆಯ ಮಲಗುವ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮುಚ್ಚಿದ ಬಾಲ್ ಬೇರಿಂಗ್ ಇರುವ ಕೊಂಡಿಯನ್ನು ಹಾಕಿಸಿ, ಉಕ್ಕಿನ ತೊಲೆಯ ತುದಿಪ್ಲೇಟಿನ ಹಿಂದೆ ರಬ್ಬರು ಇಡಬಹುದೇ ಎಂದು ಎಂಜಿನಿಯರರನ್ನೇ ಕೇಳಿ. ಬೇರಿಂಗ್ ಇಲ್ಲದ ಕೊಂಡಿಯಾದರೆ ಎಣ್ಣೆಗಿಂತ ಗ್ರೀಸು ಮೇಲು, ಎಣ್ಣೆ ತೊಟ್ಟಿಕ್ಕಿ ಹಾಸಿಗೆಯ ಮೇಲೆ ಕಲೆ ಮಾಡುತ್ತದೆ.

ಕಟ್ಟಡ ಎಂಜಿನಿಯರ್, ಹುಬ್ಬಳ್ಳಿ

ತುದಿಪ್ಲೇಟಿನ ಹಿಂದೆ ರಬ್ಬರು ಬೇಡ, ಆಂಕರುಗಳ ಬಿಗಿ ತಪ್ಪುತ್ತದೆ. ಕೊಂಡಿಯೂ ತೊಲೆಯೂ ಸೇರುವಲ್ಲಿ ನೈಲಾನ್ ಬುಷ್ (ಲೋಹಕ್ಕೆ ಲೋಹ ಉಜ್ಜದಂತೆ ನಡುವೆ ಕೂರುವ ಕೊಳವೆಯಂಥ ತುಂಡು) ಹಾಕಿದರೆ ಸದ್ದು ಅಲ್ಲಿಯೇ ನಿಲ್ಲುತ್ತದೆ. ಮೇಲಿನ ಮನೆಯವರಿಗೆ ಕೆಲಸದ ದಿನವನ್ನು ಮುಂಚೆಯೇ ತಿಳಿಸಿ, ಸಂಘದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಎಲ್ಲ ಮುಗಿದ ಮೇಲೆ, ಯಾರೂ ಕೂರುವ ಮುನ್ನ ಭಾರದ ಪರೀಕ್ಷೆ ಮಾಡಿಸಿ. ಹಲಗೆಯನ್ನು ನೆಲದಿಂದ ಅರ್ಧ ಅಡಿಯಷ್ಟೇ ಎತ್ತರಕ್ಕೆ ಇಳಿಸಿಕೊಂಡು, 50 ಕೆ.ಜಿ.ಯ ಮರಳಿನ ಎಂಟು ಚೀಲಗಳನ್ನು ಒಂದೊಂದಾಗಿ ಪೇರಿಸಿ, 24 ಗಂಟೆ ಹಾಗೆಯೇ ಬಿಡಿ. ಭಾರ ಹಾಕುವ ಮೊದಲು ತುದಿಪ್ಲೇಟುಗಳ ಅಂಚಿನ ಸುತ್ತ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ತೆಳುವಾದ ಗೆರೆ ಎಳೆದಿಡಿ. ಮರುದಿನ ಪ್ಲೇಟು ಗೆರೆಯಿಂದ ಕೂದಲೆಳೆಯಷ್ಟು ಸರಿದಿದ್ದರೂ, ಸುತ್ತ ಹೊಸ ಬಿರುಕು ಕಂಡರೂ ಬಳಸಬೇಡಿ. ಆ ಬಳಿಕ ಆರು ತಿಂಗಳಿಗೊಮ್ಮೆ ಏಣಿ ಹತ್ತಿ ಕೊಂಡಿಯ ಒಳಬಾಗನ್ನು ನೋಡಿ. ಬಳೆ ಕುಳಿತು ಉಜ್ಜುವ ಜಾಗದಲ್ಲಿ ಬೆಳ್ಳಗೆ ಹೊಳೆಯುವ ತಗ್ಗು ಮೂಡಿರುತ್ತದೆ. ಅಲ್ಲಿ ದಪ್ಪ ಹತ್ತರಲ್ಲಿ ಒಂದು ಭಾಗದಷ್ಟು ಸವೆದಿದ್ದರೆ, ಉಳಿದೆಲ್ಲ ಚೆನ್ನಾಗಿ ಕಂಡರೂ, ಕೊಂಡಿಯನ್ನೂ ಅದರಲ್ಲಿ ಕೂರುವ ಬಳೆಯನ್ನೂ ಒಟ್ಟಿಗೇ ಬದಲಿಸಿ.